ತಾತ ಹೋಗಿದ್ದು ನಿನ್ನಿಂದಲ್ಲ ಅಂತ ಆ ಮಗುಗೆ ಯಾರಾದ್ರೂ ಹೇಳಿದ್ರಾ?

ಗುಬ್ಬಿ ಕಡೆ ಒಂದು ಹಳ್ಳಿಯಿಂದ ಬಂದಿರೋ ಕಾಗದ ಇದು. ಓದಿ ಎರಡು ದಿನ ಆಯ್ತು, ಬೇರೆ ಕಾಗದಗಳಿಗೆ ಉತ್ತರ ಬರೆಯೋಣ ಅಂತ ಕೂತ್ರೂ ಮನಸ್ಸು ಇದರ ಹತ್ರಾನೇ ಹೋಗ್ತಿದೆ. ಅದಕ್ಕೆ ಈ ವಾರ ಇದೊಂದೇ.

ಎರಡನೇ ಕ್ಲಾಸ್ ಓದೋ ಏಳು ವರ್ಷದ ಹುಡುಗ. ಮಾತು ಬಂದಾಗಿಂದ ಅವರಮ್ಮ ಅವನಿಗೆ ಸಂಜೆ ದೀಪ ಹಚ್ಚಿದ ಮೇಲೆ ಬೇರೆಯವರಿಗೋಸ್ಕರ ಕೈ ಮುಗಿಯೋದು ಹೇಳ್ಕೊಟ್ಟಿದ್ದಾರೆ. ಬೆರಳಿನ ಗೆಣ್ಣು ಮುಟ್ಕೊಂಡು ಒಂದೊಂದೇ ಹೆಸರು: ಅಜ್ಜಿ, ಕೊಟ್ಟಿಗೆ ಹಸು, ಪಕ್ಕದ್ಮನೆ ಆಂಟಿ, ಸ್ಕೂಲ್ ಆಟೋ ಅಂಕಲ್, ಹೆಬ್ಬೆರಳು ಮಾತ್ರ ತಾತಂಗೆ. ತಾತಂಗೆ ಕಿಡ್ನಿ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೀತಿತ್ತು, ಒಂದೊಂದು ಸಲಕ್ಕೆ ನಾಲ್ಕು ನಾಲ್ಕು ಗಂಟೆ. ಮಕ್ಕಳು ಕೇಳ್ಕೊಂಡ್ರೆ ದೇವ್ರು ಬೇಗ ಕೇಳ್ತಾನೆ, ತಾತನ್ನ ನೀನೇ ಉಳಿಸ್ಬೇಕು ಕಣೋ ಅಂತ ಮನೇಲಿ ಎಲ್ರೂ ಹೇಳೋರಂತೆ. ತಾತ ತೀರ್ಕೊಂಡ್ರು. ಈಗ ಹುಡುಗ ದೀಪದ ಮುಂದೆ ಕೈ ಎರಡೂ ಬೆನ್ನ ಹಿಂದೆ ಇಟ್ಕೊಂಡು ನಿಲ್ತಾನೆ, ಬಲವಂತ ಮಾಡಿದ್ರೆ 'ನಂಗೆ ಒಳ್ಳೇದು ಮಾಡಪ್ಪ' ಅಂತ ಹೇಳಿ ಓಡೋಗ್ತಾನೆ. ಪಕ್ಕದ್ಮನೆ ಆಂಟಿಗೆ ಡೆಂಗ್ಯೂ ಬಂದಾಗ ಅವರಿಗೆ ಕೇಳ್ಕೋ ಅಂದಿದ್ದಕ್ಕೆ ಅತ್ತು ರಂಪ ಮಾಡಿ ಊಟಾನೂ ಬಿಟ್ಟ. ಮಗ ಸ್ವಾರ್ಥಿ ಆಗ್ತಿದ್ದಾನೆ, ಮತ್ತೆ ಹೇಗೆ ಹೇಳ್ಕೊಡ್ಲಿ ಅಂತ ಅಮ್ಮ ಕೇಳಿದ್ದಾರೆ.

ನೋಡಿ ತಾಯಿ, ನೀವು ನಾಲ್ಕು ಪುಟ ಬರೆದಿದ್ದೀರ, ಅದರಲ್ಲಿ ಮೂರನೇ ಪುಟದ ಕೆಳಗೆ ಒಂದೂವರೆ ಸಾಲು ಇದೆ. 'ತಿಥಿ ದಿನ ನಮ್ಮ ಓರಗಿತ್ತಿ, ಜಾತ್ರೆ ದಿನ ತಾತಂಗೆ ಕೇಳ್ಕೊಳ್ದೆ ಮಲಗ್ಬಿಟ್ಯಲ್ಲೋ ಅದಕ್ಕೇ ನೋಡು ಅಂತ ತಮಾಷೆಗೆ ಅಂದ್ರು, ಇರ್ಲಿ ಬಿಡಿ.' ಇರ್ಲಿ ಬಿಡಿ ಅಂತೀರಲ್ಲ! ನಿಮ್ಮ ಕಾಗದದಲ್ಲಿ ಇರೋ ವಿಷಯಾನೇ ಅದು. ಜಾತ್ರೆ ತಿರುಗಿ ಸುಸ್ತಾಗಿ ವಾಪಸ್ ಬರ್ತಾ ಅಪ್ಪನ ಹೆಗಲ ಮೇಲೇ ನಿದ್ದೆ ಹೋದ ಮಗು, ಅದಾದ ಮೂರನೇ ದಿನಕ್ಕೆ ತಾತ ಇಲ್ಲ, ಹನ್ನೊಂದನೇ ದಿನ ನೆಂಟರೆಲ್ಲ ಪಂಕ್ತೀಲಿ ಊಟಕ್ಕೆ ಕೂತಿರುವಾಗ ದೊಡ್ಡಮ್ಮ ಅನ್ನಿಸ್ಕೊಂಡೋರು ಬಂದು ಆ ಸಾವನ್ನ ತಗೊಂಡು ಮಗು ತಲೆ ಮೇಲೆ ಇಟ್ರು. ಅವನು ಕೈ ಮುಗಿಯೋದು ನಿಲ್ಲಿಸಿದ್ದೂ ತಿಥಿ ಆದ ಮಾರನೇ ದಿನದಿಂದ ಅಂತ ನೀವೇ ಬರೆದಿದ್ದೀರ, ಎರಡನ್ನೂ ಜೋಡಿಸಿ ನೋಡೋಕೆ ನಿಮಗೆ ಪುರುಸೊತ್ತು ಆಗಿಲ್ಲ ಅಷ್ಟೇ.

ಅವನು ಸ್ವಾರ್ಥಿ ಅಲ್ಲಮ್ಮ, ಹೆದರಿದ್ದಾನೆ. ತನ್ನ ಬಾಯಲ್ಲಿ ಯಾರ ಹೆಸರು ಬಂದ್ರೂ, ಬರದೇ ಇದ್ರೂ ಅವರಿಗೆ ಏನೋ ಆಗುತ್ತೆ ಅನ್ನೋ ಭಯ. ಆಂಟಿ ಹೆಸರು ಹೇಳಿ ನಾಳೆ ಮರೆತುಬಿಟ್ರೆ? ಅದಕ್ಕಿಂತ ಹೇಳ್ದೇ ಇರೋದೇ ವಾಸಿ ಅಂತ ಕೈ ಹಿಂದಕ್ಕೆ ಇಟ್ಕೊಂಡಿದ್ದಾನೆ. ಆಂಟಿ ಮೇಲೆ ಪ್ರೀತಿ ಇಲ್ದೇ ಇದ್ದಿದ್ರೆ ಅಷ್ಟೊಂದು ಅಳ್ತಾನೇ ಇರ್ಲಿಲ್ಲ. ಈ ವಯಸ್ಸಿನ ಮಕ್ಕಳು ತಾವು ಅಂದ್ಕೊಂಡಿದ್ದೇ ಹೊರಗಡೆ ನಡೆಯುತ್ತೆ ಅಂತ ನಂಬ್ತಾರೆ, ಸಿಟ್ಟಲ್ಲಿ 'ಹೋಗು' ಅಂದ್ರೆ ಆ ಮನುಷ್ಯ ನಿಜಕ್ಕೂ ಹೋಗ್ಬಿಡ್ತಾನೆ ಅಂತ. ಮನೇಲಿ ಸಾವಾದಾಗ 'ಇದು ನಿನ್ನಿಂದ ಆಗಿದ್ದಲ್ಲ' ಅಂತ ಬಾಯಿ ಬಿಟ್ಟು ಹೇಳ್ಬೇಕು, ಮಗು ಕೇಳ್ದೇ ಇದ್ರೂ ಹೇಳ್ಬೇಕು ಅಂತ ಮಕ್ಕಳ ಮನಸ್ಸಿನ ಡಾಕ್ಟ್ರುಗಳು ಒತ್ತಿ ಹೇಳೋದು ಅದಕ್ಕೇ. ನಿಮ್ಮ ಮನೇಲಿ ಹೇಳಿದ್ದು ಉಲ್ಟಾ.

ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಪಕ್ಕದ್ಮನೆಯೋರ ಹೆಸರನ್ನ, ಆಟೋ ಓಡ್ಸೋರ ಹೆಸರನ್ನ ಮಗು ಬಾಯಲ್ಲಿ ಹೇಳ್ಸಿದ್ದೀರ. ದೇವಸ್ಥಾನದಲ್ಲಿ ಅರ್ಚನೆಗೆ ನಿಂತಾಗ ಪೂಜಾರಪ್ಪ ಹೆಸರು ನಕ್ಷತ್ರ ಕೇಳಿದ್ರೆ ನಾವೆಲ್ಲ ಯಜಮಾನ್ರು, ಮಕ್ಕಳು, ಮೊಮ್ಮಕ್ಕಳು ಅಂತ ನಮ್ಮನೆ ಪಟ್ಟಿ ಒಪ್ಪಿಸಿ ಮುಗಿಸ್ತೀವಿ, ಹೊರಗಿನೋರ ಒಂದು ಹೆಸರು ಸೇರ್ಸೋರು ಎಷ್ಟು ಜನ ಇದ್ದಾರೆ ಹೇಳಿ. ನೀವು ಹೇಳ್ಕೊಟ್ಟಿದ್ದು ಚಿನ್ನದಂಥ ಅಭ್ಯಾಸ. ತಪ್ಪಿದ್ದು 'ನೀನೇ ಉಳಿಸ್ಬೇಕು' ಅಂದ ಕಡೆ. ಮಕ್ಕಳ ಕೈಲಿ ಹರಕೆ ಹೊರಿಸ್ಬೇಡಿ ಅಂತ ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ, ಅಪ್ಪ ಕುಡಿಯೋದು ಬಿಡ್ಲಿ ಅಂತ, ಅಕ್ಕಂಗೆ ಗಂಡು ಸಿಗ್ಲಿ ಅಂತ ಮಗು ಕೈಲಿ ದೇವರಿಗೆ ಅರ್ಜಿ ಹಾಕಿಸ್ತೀರ, ಅದು ಆಗದೇ ಹೋದಾಗ ಉತ್ತರ ಹೇಳೋಕೆ ಆ ಮಗು ಒಂದೇ ನಿಂತಿರುತ್ತೆ. 'ತಾತಂಗೆ ನೋವು ಕಡಿಮೆ ಆಗ್ಲಿ, ಅಜ್ಜಿಗೆ ಧೈರ್ಯ ಬರ್ಲಿ' ಅಂತ ಕೇಳ್ಕೊಳ್ಳೋದು ಹೇಳ್ಕೊಡ್ಬೇಕಿತ್ತು. ಕೇಳ್ಕೊಂಡಾದ ಮೇಲೆ ಅಜ್ಜಿ ಪಕ್ಕ ಹೋಗಿ ಕೂತ್ಕೋ, ಒಂದು ಲೋಟ ನೀರು ತಂದ್ಕೊಡು ಅನ್ಬೇಕಿತ್ತು. ಅದು ಏಳು ವರ್ಷದ ಕೈಗೆ ಆಗೋ ಕೆಲಸ.

ಇನ್ನೊಂದು ಮಾತು, ಇದನ್ನ ಅವನಿಗೂ ಹೇಳ್ಬಹುದು. ನಮ್ಮ ಸಿದ್ಧಗಂಗೆ ಎಷ್ಟು ದೂರ ನಿಮಗೆ? ಅಲ್ಲಿ ಸಾಲಾಗಿ ಕೂತು ಸಾವಿರಾರು ಮಕ್ಕಳು ಒಟ್ಟಿಗೆ ಪ್ರಾರ್ಥನೆ ಮಾಡೋದನ್ನ ಒಂದು ಸಲ ನೋಡಿದೋರು ಮರೆಯಲ್ಲ. 2019ರ ಜನವರೀಲಿ ಶಿವಕುಮಾರ ಸ್ವಾಮೀಜಿ ಹುಷಾರಿಲ್ದೇ ಮಲಗಿದ್ದಾಗ ಮಠದ ಮಕ್ಕಳು, ನಮ್ಮ ಜಿಲ್ಲೆ, ಇಡೀ ರಾಜ್ಯಾನೇ ಅವರಿಗೋಸ್ಕರ ಕೈ ಮುಗಿದಿತ್ತು. ಆದ್ರೂ 21ನೇ ತಾರೀಕು ಅವರು ಹೋದ್ರು, 111 ವರ್ಷ ಆಗಿತ್ತು. ಆ ಸಾವಿರಾರು ಮಕ್ಕಳಲ್ಲಿ ಯಾವ ಮಗು ಒಂದು ದಿನ ಮರೆತಿತ್ತು ಅಂತ ಯಾರಾದ್ರೂ ಹುಡುಕಿದ್ರಾ? ಮಕ್ಕಳ ಮಧ್ಯಾಹ್ನದ ಊಟ ಆಗೋವರೆಗೂ ತಡೆದು ಆಮೇಲೆ ಸುದ್ದಿ ಹೊರಗೆ ಹೇಳಿದ್ರು ಅಂತ ಆಗ ಪೇಪರ್‌ಗಳಲ್ಲಿ ಬಂದಿತ್ತು. ಅಂಥ ದೊಡ್ಡ ಸಾವಲ್ಲೂ ಮಕ್ಕಳ ತಟ್ಟೆ ಕಡೆ ಗಮನ ಇತ್ತು ನೋಡಿ, ನಿಮ್ಮನೆ ತಿಥೀಲಿ ನಿಮ್ಮ ಓರಗಿತ್ತಿಗೆ ಮಗು ಮುಖ ಕಾಣ್ಲಿಲ್ಲ.

ಅವರ ವಿಷಯ ನಿಮ್ಮ ಯಜಮಾನ್ರಿಗೆ ಬಿಡಿ. ಅತ್ತಿಗೆ, ಆ ಮಾತು ಇನ್ನೊಂದು ಸಲ ನನ್ನ ಮಗನ ಹತ್ರ ಆಡ್ಬೇಡಿ ಅಂತ ಅವರೇ ಹೇಳ್ಲಿ, ದೊಡ್ಡೋರು ಅನ್ನೋ ಮುಲಾಜು ಇಲ್ಲಿ ಬೇಡ.

ನಿಮಗೆ ನಾನು ಹೇಳೋದು ಒಂದೇ ಕೆಲಸ. ಇವತ್ತು ರಾತ್ರಿ, ದೀಪದ ಮುಂದೆ ಬೇಡ, ಹಾಸಿಗೇಲಿ ಪಕ್ಕ ಮಲಗ್ಸಿಕೊಂಡು ಈ ಮಾತು ಹೇಳಿ: 'ತಾತ ಸತ್ತಿದ್ದು ಅವರ ಕಿಡ್ನಿ ಪೂರ್ತಿ ಕೆಟ್ಟೋಗಿದ್ದಕ್ಕೆ. ನೀನು ಜಾತ್ರೆ ದಿನ ಮಲಗಿದ್ದಕ್ಕಲ್ಲ. ನೀನು ದಿನಾ ಕೇಳ್ಕೊಂಡಿದ್ರೂ ತಾತ ಹೋಗ್ತಿದ್ರು. ದೊಡ್ಡಮ್ಮ ಹೇಳಿದ್ದು ತಪ್ಪು.' ಸತ್ತರು ಅನ್ನೋ ಪದಾನೇ ಬಳಸಿ. ದೇವರ ಮನೆಗೆ ಹೋದ್ರು, ನಿದ್ದೆ ಮಾಡ್ತಿದ್ದಾರೆ ಅಂತೆಲ್ಲ ಹೇಳ್ಬೇಡಿ, ಆಮೇಲೆ ಮಲಗೋಕೂ ಹೆದರ್ಕೊತಾನೆ. ದೊಡ್ಡಮ್ಮನ ಮಾತು ತಪ್ಪು ಅನ್ನೋದನ್ನಂತೂ ನುಂಗ್ಬೇಡಿ, ಅದೊಂದು ವಾಕ್ಯಕ್ಕೆ ಅವನು ಕಾಯ್ತಿದ್ದಾನೆ. ನಾಳೆ ಮತ್ತೆ ಕೇಳ್ತಾನೆ, ನಾಡಿದ್ದೂ ಕೇಳ್ತಾನೆ, ಅಷ್ಟೇ ಸಲ ಅದೇ ಮಾತು ಹೇಳಿ. ಇಷ್ಟಾದ್ಮೇಲೂ ಊಟ ನಿದ್ದೆ ಸರಿ ಹೋಗ್ದೇ ಇದ್ರೆ ಮನಸ್ಸಿನ ಕಷ್ಟಕ್ಕೆ ಅಂತಾನೇ ಇರೋ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416, ದುಡ್ಡು ಕೊಡೋ ಹಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕೈ ಮುಗಿ ಅಂತ ಸದ್ಯಕ್ಕೆ ಕರೀಬೇಡಿ. ಸಂಜೆ ನೀವು ದೀಪ ಹಚ್ಚಿ, ಅವನಿಗೆ ಕೇಳ್ಸೋ ಹಾಗೆ ನೀವೇ ಗೆಣ್ಣು ಎಣಿಸ್ಕೊಂಡು ಹೆಸರು ಹೇಳ್ತಾ ಹೋಗಿ. ಪಕ್ಕದ್ಮನೆ ಆಂಟಿ, ಆಟೋ ಅಂಕಲ್, ಹಸು. ಮಧ್ಯದಲ್ಲಿ ಅವನ ಹೆಸರೂ ಹೇಳಿ. ಯಾವತ್ತೋ ಒಂದು ದಿನ ಬೇಕಂತಲೇ ಒಂದು ಹೆಸರು ಬಿಟ್ಟು, 'ಅಯ್ಯೋ ಮರೆತೇಬಿಟ್ಟೆ, ನಾಳೆ ಹೇಳ್ತೀನಿ ಬಿಡು' ಅಂತ ಎದ್ದು ಅಡುಗೆಮನೆಗೆ ಹೋಗಿ. ಮಾರನೇ ದಿನ ಅವರು ಬೀದೀಲಿ ಆರಾಮಾಗಿ ಓಡಾಡ್ತಿರೋದನ್ನ ಅವನು ನೋಡ್ಲಿ.