ಅಮ್ಮನಿಗೆ ಸ್ತನ ಕ್ಯಾನ್ಸರ್. ಲೆಟ್ರೋಜೋಲ್ ಶುರುವಾದ ಮೇಲೆ ಕೊಲೆಸ್ಟ್ರಾಲ್ ಏರಿದೆ. ಮಾತ್ರೆ ನಿಲ್ಲಿಸಿ ಪಥ್ಯ ಮಾಡಿಸಿದರೆ ಸಾಕಾ?

ನಿಲ್ಲಿಸಬೇಡಿ. ಡಾಕ್ಟರನ್ನು ಕೇಳದೆ ಒಂದು ದಿನವೂ ಬೇಡ. ಮೊದಲು ಹೋಗಿ ಅಮ್ಮನಿಗೆ ಇವತ್ತಿನ ಮಾತ್ರೆ ಕೊಟ್ಟು ಬನ್ನಿ, ಉಳಿದದ್ದು ಆಮೇಲೆ ಓದಿ.

ಟಾಮಾಕ್ಸಿಫೆನ್ ಬಿಡಿಸಿ ಲೆಟ್ರೋಜೋಲ್ ಕೊಟ್ಟರು, ಕೊಲೆಸ್ಟ್ರಾಲ್ 190 ಇದ್ದದ್ದು 248 ಆಯಿತು, ಕೊಲೆಸ್ಟ್ರಾಲ್ ಜಾಸ್ತಿಯಾದರೆ ಕೆಲವು ಬಗೆಯ ಸ್ತನ ಕ್ಯಾನ್ಸರ್ ಬೆಳೆಯುತ್ತದೆ ಅಂತ ಓದಿದೆ, ಹಾಗಾದರೆ ಈ ಮಾತ್ರೆಯೇ ಅಪಾಯ ಅಲ್ವಾ ಅಂತ ಕೇಳಿದ್ದೀರಿ. ಅಂಕಿ ಬಿಟ್ಟರೆ ಇದು ಪೂರಾ ನನ್ನದೇ ಕಥೆ. ನಿಮ್ಮ ಮನೆಯಲ್ಲಿ ಮಗಳು ಹೀಗೆ ಲೆಕ್ಕ ಹಾಕುತ್ತಿದ್ದಾಳೆ, ನಮ್ಮ ಮನೆಯಲ್ಲಿ ಪೇಷೆಂಟೇ ಹಾಕಿದಳು, ಅಷ್ಟೇ ವ್ಯತ್ಯಾಸ.

ನಮ್ಮದು ಪುತ್ತೂರಿನ ಹತ್ತಿರ ಸಣ್ಣ ಅಡಿಕೆ ತೋಟ. ಎಡಗಡೆ ಗಂಟು ಸಿಕ್ಕಾಗ ನನಗಿನ್ನೂ ಮುಟ್ಟು ನಿಂತಿರಲಿಲ್ಲ. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮಂಗಳೂರಿನಲ್ಲಿ ಆಯಿತು, ಅದನ್ನು ಬರೆಯಲು ಹೋಗುವುದಿಲ್ಲ. ಬಯಾಪ್ಸಿ ರಿಪೋರ್ಟಿನ ಕೊನೆಯಲ್ಲಿ ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್ ಅಂತ ಒಂದು ಸಾಲಿತ್ತು. ಪಿಆರ್ ಅಂದರೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಕೂರುವ ಜಾಗ, ಹರ್-2 ಅಂದರೆ ಜೀವಕೋಶ ಬೆಳೆಸುವ ಒಂದು ಪ್ರೊಟೀನು. ಇಆರ್ ಪಾಸಿಟಿವ್ ಅಂದರೆ ನನ್ನ ಗಡ್ಡೆಯ ಜೀವಕೋಶಗಳಲ್ಲಿ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನು ಬಂದು ಕೂರುವ ಜಾಗಗಳಿದ್ದವು, ಅದು ಕೂತರೆ ಗಡ್ಡೆ ಬೆಳೆಯುತ್ತದೆ. ಟಾಮಾಕ್ಸಿಫೆನ್ ಮಾಡುವುದೇನೆಂದರೆ ಆ ಜಾಗದಲ್ಲಿ ತಾನೇ ಮೊದಲು ಕೂತುಬಿಡುವುದು. ದಿನಕ್ಕೆ 20 ಮಿಲಿಗ್ರಾಂನ ಒಂದು ಮಾತ್ರೆ. ತಕರಾರಿಲ್ಲದೆ ನುಂಗುತ್ತಿದ್ದೆ. ಆ ವರ್ಷಗಳಲ್ಲಿ ನನ್ನ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆ, ಚೆಂದವೋ ಚೆಂದ. ಮನೆಯಲ್ಲಿ ಎಲ್ಲರಿಗಿಂತ ನನ್ನದೇ ಕಡಿಮೆ ಅಂತ ಸ್ವಲ್ಪ ಜಂಬವೂ ಇತ್ತು.

ಆಮೇಲೆ ಮುಟ್ಟು ನಿಂತಿತು. ರಕ್ತ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡು ಡಾಕ್ಟರು ಲೆಟ್ರೋಜೋಲ್‌ಗೆ ಬದಲಾಯಿಸಿದರು. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ, ಆದರೆ ಮೈಯ ಕೊಬ್ಬಿನಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಸ್ವಲ್ಪ ಸ್ವಲ್ಪ ಈಸ್ಟ್ರೋಜೆನ್ ಮಾಡುತ್ತಲೇ ಇರುತ್ತದೆ. ಲೆಟ್ರೋಜೋಲ್ ಆ ಕಿಣ್ವವನ್ನು ತಡೆಯುತ್ತದೆ. ಇದನ್ನು ಡಾಕ್ಟರು ನನಗೆ ಹೇಳಿದ್ದರು, ನಾನು ತಲೆ ಆಡಿಸಿದ್ದೆ. ಕೀಲು ನೋವು ಬರಬಹುದು, ಮೂಳೆ ಸವೆಯಬಹುದು ಅಂತಲೂ ಹೇಳಿದರು. ಕೊಲೆಸ್ಟ್ರಾಲ್ ವಿಷಯ ಹೇಳಿದರೋ ಇಲ್ಲವೋ ನನಗೆ ನೆನಪಿಲ್ಲ. ಹೇಳಿದ್ದರೂ ಆವತ್ತು ನನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಮುಂದಿನ ಸಲದ ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದು) ಎರಡೂ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಮೇಲಕ್ಕೆ ಬಾಣದ ಗುರುತು. ಅವತ್ತು ರಾತ್ರಿಯಿಂದ ಮೊಬೈಲ್ ಹಿಡಿದು ಕೂತೆ.

ಹುಡುಕಿದರೆ ಸಿಗುವುದು ನಿಮಗೆ ಸಿಕ್ಕಿದ್ದೇ. 2013ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೊನಾಲ್ಡ್ ಮ್ಯಾಕ್‌ಡೊನೆಲ್ ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ನಮ್ಮ ಮೈ ಕೊಲೆಸ್ಟ್ರಾಲನ್ನು ಒಡೆಯುವಾಗ 27-ಹೈಡ್ರಾಕ್ಸಿ ಕೊಲೆಸ್ಟ್ರಾಲ್ ಅನ್ನುವ ವಸ್ತು ಹುಟ್ಟುತ್ತದೆ. ಈಸ್ಟ್ರೋಜೆನ್ ಕೂರುವ ಜಾಗದಲ್ಲಿ ಇದೂ ಕೂರಬಲ್ಲದು, ಇಲಿಗಳಲ್ಲಿ ಇಆರ್ ಪಾಸಿಟಿವ್ ಗಡ್ಡೆಯನ್ನು ಬೆಳೆಸಿತು. ಇಲಿ ಅನ್ನುವ ಪದ ಅಲ್ಲೇ ಇತ್ತು. ನಾನೂ ಓದಿದೆ. ಓದಿ ಮುಂದೆ ಹೋದೆ.

ಈಗ ನಾನು ಹಾಕಿದ ಲೆಕ್ಕ ಹೇಳುತ್ತೇನೆ, ನೀವೂ ಇದನ್ನೇ ಹಾಕುತ್ತಿದ್ದೀರಿ ಅಂತ ನನಗೆ ಗಟ್ಟಿ ಅನಿಸುತ್ತಿದೆ. ನನ್ನದು ಇಆರ್ ಪಾಸಿಟಿವ್. ನಿಜ. ಕೊಲೆಸ್ಟ್ರಾಲಿನಿಂದ ಹುಟ್ಟುವ ಒಂದು ವಸ್ತು ಈಸ್ಟ್ರೋಜೆನ್ ಥರ ನಡೆದುಕೊಳ್ಳುತ್ತದೆ. ನಿಜ. ಈಸ್ಟ್ರೋಜೆನ್ನೇ ಆದರೂ ಮೈಯಲ್ಲಿ ತಯಾರಾಗುವುದು ಕೊಲೆಸ್ಟ್ರಾಲಿನಿಂದಲೇ. ಅದೂ ನಿಜ. ಲೆಟ್ರೋಜೋಲ್‌ಗೆ ಬದಲಾದ ಮೇಲೆ ನನ್ನ ಕೊಲೆಸ್ಟ್ರಾಲ್ ಏರಿದೆ. ರಿಪೋರ್ಟೇ ಕೈಯಲ್ಲಿದೆ. ಹಾಗಾಗಿ ಲೆಟ್ರೋಜೋಲ್ ನನ್ನ ಕ್ಯಾನ್ಸರಿಗೆ ಊಟ ಹಾಕುತ್ತಿದೆ! ನಾಲ್ಕು ನಿಜ ಸೇರಿಸಿ ಒಂದು ದೊಡ್ಡ ಸುಳ್ಳು ಕಟ್ಟಿದೆ. ಪಿಯುಸಿಯಲ್ಲಿ ಸೈನ್ಸ್ ಓದಿದವಳು ನಾನು, ಅದೇ ಮುಳುವಾಯಿತು ಅಂತ ನನ್ನ ತಂಗಿ ಈಗಲೂ ಹೇಳುತ್ತಾಳೆ.

ಮಾತ್ರೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಇವರು ಸ್ಟ್ರಿಪ್ ನೋಡುವ ಅಭ್ಯಾಸದವರು, ಹಾಗಾಗಿ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಆ ಹಳದಿ ಮಾತ್ರೆಯನ್ನು ಒತ್ತಿ ತೆಗೆದು ಬಚ್ಚಲಿನ ತೂತಿಗೆ ಹಾಕಿ ನೀರು ಬಿಡುತ್ತಿದ್ದೆ. ಸ್ಟ್ರಿಪ್ ಕ್ರಮವಾಗಿ ಖಾಲಿಯಾಗುತ್ತಿತ್ತು. ಜೊತೆಗೆ ಪಥ್ಯ. ನಮ್ಮ ಕಡೆ ತೆಂಗಿನಕಾಯಿ ಇಲ್ಲದೆ ಅಡಿಗೆ ಮಾಡುವುದು ಎಂದರೆ ಏನು ಅಂತ ಊರ ಕಡೆಯವರಿಗೆ ಗೊತ್ತು. ಸಾಂಬಾರಿಗೆ ಕಾಯಿ ಇಲ್ಲ, ಪಲ್ಯಕ್ಕೆ ಕಾಯಿ ಇಲ್ಲ, ಒಗ್ಗರಣೆಗೆ ಎಣ್ಣೆ ತೋರಿಸಿದ ಹಾಗೆ ಮಾಡಿದರೆ ಆಯಿತು. ಮೊಟ್ಟೆ, ತುಪ್ಪ, ಹಾಲು ಎಲ್ಲ ಬಂದ್. ತೂಕ ಇಳಿಯಿತು, ಹಿಮೋಗ್ಲೋಬಿನ್ನೂ ಇಳಿಯಿತು, ಎಲ್‌ಡಿಎಲ್ ಮಾತ್ರ ಲೆಕ್ಕಕ್ಕೆ ಸ್ವಲ್ಪ. ಆದರೆ ಕೀಲು ನೋವು ಪೂರಾ ಹೋಯಿತು. ನೋಡಿ, ನಾನು ಮಾಡಿದ್ದು ಸರಿ ಅಂತ ಅದರಿಂದ ಇನ್ನೂ ಧೈರ್ಯ ಬಂತು.

ಸಿಕ್ಕಿಬಿದ್ದದ್ದೂ ಅದರಿಂದಲೇ. ಫಾಲೋಅಪ್‌ನಲ್ಲಿ ಡಾಕ್ಟರು ರೂಢಿಯಂತೆ ಬೆರಳು ಮಡಚಿ ತೋರಿಸಿ ಅಂದರು. ಮಡಚಿದೆ. ಬೆಳಿಗ್ಗೆ ಬಿಗಿ ಇರುತ್ತದಾ? ಇಲ್ಲ ಡಾಕ್ಟ್ರೇ, ಈಗ ಏನೂ ಇಲ್ಲ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಮಾತ್ರೆ ತಗೊಳ್ತಾ ಇದ್ದೀರಾ?" ಇವರು ಪಕ್ಕದಲ್ಲೇ ಕೂತಿದ್ದರು. ಆಮೇಲೆ ಆದದ್ದನ್ನು ನೀವೇ ಊಹಿಸಿಕೊಳ್ಳಿ.

ಅದೇ ಸಲದ ಅಲ್ಟ್ರಾಸೌಂಡಿನಲ್ಲಿ ಕಂಕುಳಲ್ಲಿ ಒಂದು ಗ್ರಂಥಿ ಊದಿದ್ದು ಕಂಡಿತು. ಸೂಜಿ ಹಾಕಿ ತೆಗೆದು ಕಳಿಸಿದರು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ, ಮಗಳ ನಿಶ್ಚಿತಾರ್ಥದ ದಿನ ಗೊತ್ತಾಗಿತ್ತು, ಅದನ್ನು ಮುಂದೂಡಿದೆವು, ಗಂಡಿನ ಕಡೆಯವರಿಗೆ ಏನೋ ಒಂದು ಕಾರಣ ಹೇಳಿದೆವು, ಅವರು ಏನೆಂದುಕೊಂಡರೋ. ಕ್ಯಾನ್ಸರ್ ಅಲ್ಲ ಅಂತ ಬಂತು. ಬಚಾವು. ಆದರೆ ಬಚ್ಚಲಿಗೆ ಹೋದ ತಿಂಗಳುಗಳ ರಕ್ಷಣೆ ಹೋದದ್ದೇ. ಅದನ್ನು ವಾಪಸ್ ಕೊಡುವ ಮಾತ್ರೆ ಯಾರ ಹತ್ತಿರವೂ ಇಲ್ಲ.

ಈಗ ಮುಖ್ಯ ವಿಷಯ, ನನ್ನ ಲೆಕ್ಕ ತಪ್ಪಿದ್ದೆಲ್ಲಿ ಅಂತ. ನಿಮಗೂ ಬೇಕಾದದ್ದು ಇದೇ. ಲೆಟ್ರೋಜೋಲ್ ಕೊಲೆಸ್ಟ್ರಾಲ್ ಏರಿಸಿತು ಅಂತ ನಾನು ತಿಳಿದಿದ್ದೆ. ಮುಖ್ಯವಾಗಿ ನಡೆದದ್ದು ಬೇರೆ. ಟಾಮಾಕ್ಸಿಫೆನ್‌ಗೆ ಎಲ್‌ಡಿಎಲ್ ಇಳಿಸುವ ಗುಣ ಇದೆ. ಅಷ್ಟು ವರ್ಷ ನನ್ನ ಜಂಬಕ್ಕೆ ಕಾರಣ ಆ ಮಾತ್ರೆ, ನನ್ನ ಊಟವಲ್ಲ! ಅದನ್ನು ಬಿಟ್ಟ ಮೇಲೆ ಕೊಲೆಸ್ಟ್ರಾಲ್ ತನ್ನ ಜಾಗಕ್ಕೆ ವಾಪಸ್ ಬಂತು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಎಲ್‌ಡಿಎಲ್ ಹೇಗೂ ಏರುತ್ತದೆ, ಕ್ಯಾನ್ಸರ್ ಇರಲಿ ಇಲ್ಲದಿರಲಿ. ಎರಡೂ ಸೇರಿ ಆ ಅಂಕಿ. ಟಾಮಾಕ್ಸಿಫೆನ್ ಮತ್ತು ಲೆಟ್ರೋಜೋಲನ್ನು ಹೋಲಿಸಿದ ಬಿಐಜಿ 1-98 ಅನ್ನುವ ದೊಡ್ಡ ಪ್ರಯೋಗದಲ್ಲೂ ಲೆಟ್ರೋಜೋಲ್ ತೆಗೆದುಕೊಂಡವರಲ್ಲೇ ಜಾಸ್ತಿ ಕೊಲೆಸ್ಟ್ರಾಲ್ ಕಂಡಿತ್ತು. ಆದರೂ ಮುಟ್ಟು ನಿಂತವರಲ್ಲಿ ಕ್ಯಾನ್ಸರ್ ವಾಪಸ್ ಬರದಂತೆ ತಡೆಯುವುದರಲ್ಲಿ ಲೆಟ್ರೋಜೋಲೇ ಮುಂದಿತ್ತು. ಈ ಒಂದು ವಾಕ್ಯ ನನಗೆ ಆವತ್ತು ರಾತ್ರಿ ಕಣ್ಣಿಗೆ ಬಿದ್ದಿದ್ದರೆ!

ಇನ್ನು "ಯಾವ ಬಗೆಯ ಸ್ತನ ಕ್ಯಾನ್ಸರಿಗೆ ಕೊಲೆಸ್ಟ್ರಾಲ್ ಕಾರಣ" ಅನ್ನುವ ನಿಮ್ಮ ಎರಡನೇ ಪ್ರಶ್ನೆ. ನನ್ನನ್ನು ಕೇಳಿದರೆ ಆ ಪ್ರಶ್ನೆಯನ್ನೇ ಬಿಡಿ. ಕಾರಣ ಅಂತ ಯಾವುದಕ್ಕೂ ಸಾಬೀತಾಗಿಲ್ಲ. 27-ಹೈಡ್ರಾಕ್ಸಿಯ ದಾರಿ ಇಆರ್ ಪಾಸಿಟಿವ್ ಬಗೆಗೆ ಸಂಬಂಧಿಸಿದ್ದು, ಯಾಕೆಂದರೆ ಅದಕ್ಕೆ ಕೂರುವ ಜಾಗ ಬೇಕು. ಟ್ರಿಪಲ್ ನೆಗೆಟಿವ್‌ನಲ್ಲಿ ಆ ಜಾಗವೇ ಇಲ್ಲ. ಇಆರ್, ಪಿಆರ್, ಹರ್-2 ಮೂರೂ ಇಲ್ಲ ಅಂತಲೇ ಆ ಹೆಸರು, ಲೆಟ್ರೋಜೋಲ್ ಅಲ್ಲಿ ಕೆಲಸಕ್ಕೆ ಬರದಿರುವುದೂ ಅದಕ್ಕೇ. ನಮ್ಮ ದೇಶದಲ್ಲಿ ಆ ಬಗೆಯ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಜಾಸ್ತಿ. ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಬಗೆಯ ಜೀವಕೋಶಗಳು ರಕ್ತದ ಎಲ್‌ಡಿಎಲನ್ನು ಒಳಗೆಳೆದುಕೊಂಡು ಬೆಳೆಯುವುದು ಇಲಿಗಳಲ್ಲಿ ಕಂಡಿದೆ. ಮತ್ತೆ ಇಲಿ! ಮನುಷ್ಯರ ಮೇಲಿನ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವದರಲ್ಲಿ ಸಂಬಂಧ ಕಾಣುತ್ತದೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಕಾಯಿಲೆಯೂ ಕೀಮೋವೂ ರಕ್ತದ ಕೊಲೆಸ್ಟ್ರಾಲನ್ನು ಬದಲಾಯಿಸುತ್ತವೆ, ಹಾಗಾಗಿ ರಕ್ತ ತೆಗೆದದ್ದು ಯಾವಾಗ ಅನ್ನುವುದರ ಮೇಲೇ ಅಂಕಿ ಹೆಚ್ಚುಕಮ್ಮಿ ಆಗುತ್ತದೆ. ಇಂಥದ್ದನ್ನು ನಂಬಿ ಅಮ್ಮನ ಮಾತ್ರೆ ತಪ್ಪಿಸುತ್ತೀರಾ?

ಹಾಗಂತ 248 ಇರಲಿ ಬಿಡಿ ಅಂತಲ್ಲ. ಅದಕ್ಕೆ ಅದರದ್ದೇ ಮಾತ್ರೆ ಇದೆ. ನನಗೆ ಲೆಟ್ರೋಜೋಲ್ ಜೊತೆಗೆ ಅಟೋರ್ವಾಸ್ಟಾಟಿನ್ ಕೊಟ್ಟರು, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ ಅದು, ಎರಡೂ ಈಗಲೂ ನಡೆಯುತ್ತಿವೆ. ಕೊಟ್ಟದ್ದು ಹೃದಯಕ್ಕೆ. ಸ್ತನ ಕ್ಯಾನ್ಸರ್ ದಾಟಿದ, ವಯಸ್ಸಾದ ಹೆಂಗಸರಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರು ಕಡಿಮೆ ಇಲ್ಲ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾನ್ಸರಿಗೂ ಇದರಿಂದ ಲಾಭ ಇರಬಹುದು ಅನ್ನುವ ಸೂಚನೆ ಇದೆ. ಡೆನ್ಮಾರ್ಕಿನಲ್ಲಿ ಸಾವಿರಾರು ಹೆಂಗಸರ ದಾಖಲೆ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೇ ಗುಂಪಿನ ಸಿಮ್ವಾಸ್ಟಾಟಿನ್ ತೆಗೆದುಕೊಂಡವರಿಗೆ ಕ್ಯಾನ್ಸರ್ ಮರುಕಳಿಸಿದ್ದು ಕಡಿಮೆ. ಬಿಐಜಿ 1-98ರ ಅಂಕಿಗಳನ್ನು 2017ರಲ್ಲಿ ಮತ್ತೆ ಜಾಲಾಡಿದಾಗಲೂ ಅದೇ ದಿಕ್ಕು. ಆದರೆ ಇವೆಲ್ಲ ಹಿಂದಿರುಗಿ ನೋಡಿದ ಲೆಕ್ಕ, ಹಾಗಾಗಿ ಡೆನ್ಮಾರ್ಕಿನವರು 2020ರಲ್ಲಿ ಇಆರ್ ಪಾಸಿಟಿವ್ ಹೆಂಗಸರಿಗೇ ಅಟೋರ್ವಾಸ್ಟಾಟಿನ್ ಇಲ್ಲವೇ ಹುಸಿ ಮಾತ್ರೆ ಕೊಟ್ಟು ನೋಡುವ ಪ್ರಯೋಗ ಶುರು ಮಾಡಿದರು. ಕ್ಯಾನ್ಸರಿಗೆ ಅಂತ ಸ್ಟಾಟಿನ್ ಬೇಡಿಕೊಂಡು ಹೋಗಬೇಡಿ, ಹೃದಯಕ್ಕೆ ಬೇಕಾದರೆ ಡಾಕ್ಟರೇ ಬರೆಯುತ್ತಾರೆ.

ಎರಡನ್ನೂ ತೆಗೆದುಕೊಳ್ಳುವಾಗ ನೋವು ಬಂದರೆ ಯಾವುದರದ್ದು ಅಂತ ಗೊಂದಲ ಆಗುತ್ತದೆ. ಲೆಟ್ರೋಜೋಲಿನದು ಹೆಚ್ಚಾಗಿ ಕೀಲಿನಲ್ಲಿ, ಬೆಳಿಗ್ಗೆ ಬೆರಳು ಬಿಗಿ. ಸ್ಟಾಟಿನ್‌ನದು ತೊಡೆ, ತೋಳಿನ ಮಾಂಸಖಂಡದಲ್ಲಿ. ಎಲ್ಲಿ ನೋಯುತ್ತದೆ ಅಂತ ಅಮ್ಮನಿಂದ ಸರಿಯಾಗಿ ಕೇಳಿ, ಹಾಗೇ ಡಾಕ್ಟರಿಗೆ ಹೇಳಿ. ಲೆಟ್ರೋಜೋಲ್ ತಡೆಯಲಾಗದಿದ್ದರೆ ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಇವೆ, ಬದಲಾಯಿಸುತ್ತಾರೆ.

ಪಥ್ಯದ ಬಗ್ಗೆ ಕೇಳಿದ್ದೀರಿ. ಎಣ್ಣೆ ಪ್ಯಾಕೆಟಿನ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆದದ್ದನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ, ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ರಕ್ತದ ಕೊಲೆಸ್ಟ್ರಾಲಿನ ದೊಡ್ಡ ಪಾಲು ನಮ್ಮ ಲಿವರೇ ಮಾಡಿಕೊಳ್ಳುವುದು. ತೆಂಗಿನೆಣ್ಣೆ, ತುಪ್ಪದಲ್ಲಿರುವ ಬಗೆಯ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ, ಹಾಗಾಗಿ ಕಡಿಮೆ ಮಾಡಿ, ಸರಿ. ಆದರೆ ಕೀಮೋ ಮುಗಿಸಿ ಸೋತ ಜೀವವನ್ನು ಉಪವಾಸ ಕೆಡವಬೇಡಿ. ನನ್ನ ಸಾಂಬಾರಿಗೆ ಈಗ ಕಾಯಿ ವಾಪಸ್ ಬಂದಿದೆ, ಮೊದಲಿನ ಅರ್ಧ. ಸಂಜೆ ತೋಟದಲ್ಲಿ ನಡೆಯುತ್ತೇನೆ, ಗುಡ್ಡೆ ಹತ್ತಿ ಇಳಿಯುವ ಜಾಗ, ಅದೇ ಸಾಕಷ್ಟು ವ್ಯಾಯಾಮ.

ಅಂದಹಾಗೆ ನೀವು ಒಟ್ಟು ಕೊಲೆಸ್ಟ್ರಾಲ್ ಮಾತ್ರ ಬರೆದಿದ್ದೀರಿ. ಎಲ್‌ಡಿಎಲ್ ಎಷ್ಟು, ಟ್ರೈಗ್ಲಿಸರೈಡ್ ಎಷ್ಟು, ಅಮ್ಮನಿಗೆ ಬಿಪಿ, ಶುಗರ್ ಇದೆಯಾ? ಸ್ಟಾಟಿನ್ ಬೇಕೋ ಬೇಡವೋ ಅಂತ ಡಾಕ್ಟರು ನೋಡುವುದು ಅದನ್ನೆಲ್ಲ. ಟಾಮಾಕ್ಸಿಫೆನ್ ಇದ್ದಾಗಿನ ಹಳೆಯ ರಿಪೋರ್ಟನ್ನೂ ಹೊಸದರ ಜೊತೆಗೇ ತೆಗೆದುಕೊಂಡು ಹೋಗಿ. ಮೂಳೆ ಪರೀಕ್ಷೆ, ಅಂದರೆ ಡೆಕ್ಸಾ ಸ್ಕ್ಯಾನ್, ಮಾಡಿಸಿಲ್ಲದಿದ್ದರೆ ಅದನ್ನೂ ಕೇಳಿ, ಲೆಟ್ರೋಜೋಲ್ ತೆಗೆದುಕೊಳ್ಳುವವರಿಗೆ ಅದು ಬೇಕಾಗುತ್ತದೆ.