ಸ್ಪೀಕರ್ ಗ್ರಿಲ್: ಇಟ್ಟರೆ ಇಟ್ಟೇಬಿಡಿ, ತೆಗೆದರೆ ತೆಗೆದೇಬಿಡಿ

‘ಸಂಗೀತ ಕೇಳುವಾಗ ಸ್ಪೀಕರಿನ ಮುಂದಿನ ಮುಸುಕನ್ನು, ಅಂದರೆ ಗ್ರಿಲ್ಲನ್ನು ತೆಗೆದು, ಮುಗಿದ ಮೇಲೆ ಮತ್ತೆ ಹಾಕಿಡುತ್ತೇನೆ, ಇದು ಸರಿಯೇ?’ ಎಂದು ಕೇಳಿದ್ದೀರಿ. ಸರಿಯಲ್ಲ. ಸದಾ ಇಡುವುದು, ಸದಾ ತೆಗೆದಿಡುವುದು, ದಿನವೂ ತೆಗೆದು ಹಾಕುವುದು ಎಂಬ ಮೂರು ದಾರಿಗಳಲ್ಲಿ ಅತ್ಯಂತ ಅಪಾಯದ್ದು ಈ ಮೂರನೆಯದು. ಎಲ್ಲರೂ ಎಲ್ಲರಿಗೂ ಕೊಡುವ ಸಲಹೆಯೂ ಅದೇ. ನಾನೂ ಅದನ್ನೇ ನಂಬಿ ವರ್ಷಗಟ್ಟಲೆ ಪಾಲಿಸಿದೆ, ಬಹಳ ಪ್ರೀತಿಯಿಂದ ಕೊಂಡಿದ್ದ ಒಂದು ಜೋಡಿಯನ್ನು ಕಳೆದುಕೊಂಡೆ.

ನನ್ನವು ತಗ್ಗಿನ ಸ್ವರಗಳಿಗೆ ಒಂದು ವೂಫರ್, ಮೇಲಿನ ಸ್ವರಗಳಿಗೆ ಒಂದು ಟ್ವೀಟರ್ ಇದ್ದ ಸಾಧಾರಣ ಗಾತ್ರದ ಸ್ಪೀಕರುಗಳು. ಟ್ವೀಟರಿನಲ್ಲಿ ಕಂಪಿಸಿ ಸದ್ದು ಹೊಮ್ಮಿಸುವ ಗುಮ್ಮಟ ಅಲ್ಯೂಮಿನಿಯಂನದು, 25 ಮಿಲಿಮೀಟರ್ ಅಗಲ, ಕೂದಲೆಳೆಯಷ್ಟೇ ತೆಳು. ಗ್ರಿಲ್ ಬಟ್ಟೆಯದಲ್ಲ, ಉಕ್ಕಿನ ತೆಳುವಾದ ಜಾಲರಿ. ಪೆಟ್ಟಿಗೆಯ ಮುಂಭಾಗದ ಹಲಗೆಯೊಳಗೆ ಅಡಗಿಸಿಟ್ಟ ಆಯಸ್ಕಾಂತಗಳು ಅದನ್ನು ಹಿಡಿದುಕೊಳ್ಳುತ್ತಿದ್ದವು. ತೂತಿಲ್ಲ, ಗೂಟವಿಲ್ಲ, ನೋಡಲು ಚೆಂದ. ರಾತ್ರಿ ಸಂಗೀತ ಕೇಳಲು ಕೂರುವ ಮುನ್ನ ಎರಡನ್ನೂ ತೆಗೆದು ಗೋಡೆಗೆ ಒರಗಿಸುವುದು, ಏಳುವಾಗ ಮತ್ತೆ ಅಂಟಿಸುವುದು ನನಗೆ ಒಂದು ವ್ರತವೇ ಆಗಿಹೋಗಿತ್ತು.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಗ್ರಿಲ್ ತೆಗೆಯುವಾಗ ಅಪಾಯ ಕಡಿಮೆ, ಏಕೆಂದರೆ ಕೈ ಗುಮ್ಮಟದಿಂದ ದೂರ ಸರಿಯುತ್ತಿರುತ್ತದೆ. ಹಾಕುವಾಗ ಕೈ ಅದರ ಕಡೆಗೇ ಬರುತ್ತದೆ, ಅಲ್ಲದೆ ಯಾವುದನ್ನು ಕಾಪಾಡಬೇಕೋ ಅದನ್ನು ಗ್ರಿಲ್ಲೇ ಕಣ್ಣಿಗೆ ಮರೆಮಾಡುತ್ತದೆ. ಇದರ ಮೇಲೆ ಆಯಸ್ಕಾಂತದ ಸೆಳೆತ ಬೇರೆ. ಗುಮ್ಮಟದ ಅಂಚಿಗೆ ಅಂಟಿಸಿದ ತಂತಿಯ ಸುರುಳಿ ಓಡಾಡುವುದು ಒಂದು ಬಲವಾದ ಆಯಸ್ಕಾಂತದ ಸಂದಿನಲ್ಲಿ. ಆ ಬಲ ಸಂದಿನೊಳಗೇ ಪೂರ್ತಿ ಉಳಿಯುವುದಿಲ್ಲ, ಒಂದಿಷ್ಟು ಮುಂದಕ್ಕೂ ಸೋರುತ್ತದೆ. ಅಂಗೈ ಅಗಲದ ದೂರದಲ್ಲಿ ಉಕ್ಕಿನ ಜಾಲರಿಗೆ ಅದು ಗೊತ್ತಾಗುವುದೇ ಇಲ್ಲ. ಒಂದೆರಡು ಬೆರಳಗಲಕ್ಕೆ ಬಂದಾಗ ಒಮ್ಮೆಲೇ ಎಳೆಯುತ್ತದೆ. ನಾನು ಆ ರಾತ್ರಿ ಜಾಲರಿಯ ಕೆಳ ಅಂಚನ್ನು ಒಂದೇ ಕೈಯಲ್ಲಿ ಹಿಡಿದಿದ್ದೆ. ಮೇಲ್ಭಾಗ ಮುಂದಕ್ಕೆ ವಾಲಿತು. ಟ್ವೀಟರ್ ಇರುವುದೂ ಮೇಲ್ಭಾಗದಲ್ಲೇ. ಜಾಲರಿ ಕೈಯಿಂದ ಜಾರಿ ಓರೆಯಾಗಿ ತಿರುಗಿ, ಅದರ ಒಂದು ಮೂಲೆ ನೇರವಾಗಿ ಗುಮ್ಮಟಕ್ಕೆ ಬಡಿಯಿತು. ‘ಟಕ್’ ಎಂಬ ಸಣ್ಣ ಸದ್ದು ಕೇಳಿಸಿತು. ಗ್ರಿಲ್ ತನ್ನ ಜಾಗಕ್ಕೆ ಕೂರುವಾಗಲೂ ದಿನವೂ ಅಂಥದೇ ಸದ್ದಾಗುತ್ತಿದ್ದುದರಿಂದ ನನಗೆ ಅನುಮಾನವೇ ಬರಲಿಲ್ಲ. ಮರುದಿನ ತೆಗೆದಾಗ ನೋಡಿದರೆ ಗುಮ್ಮಟದ ಅರ್ಧ ಭಾಗ ಒಳಗೆ ಕುಸಿದಿತ್ತು.

ಅಂದು ಅಜಾಗರೂಕತೆ ಇತ್ತು, ನಿಜ. ಆದರೆ ಮೂಲ ತಪ್ಪು ಆ ಒಂದು ಕ್ಷಣದ್ದಲ್ಲ. ಇಷ್ಟು ಸೂಕ್ಷ್ಮವಾದ ವಸ್ತುವಿನ ಎದುರು ಒಂದು ಲೋಹದ ತುಂಡನ್ನು ದಿನವೂ ಆಡಿಸುವುದು ಎಂದು ತೀರ್ಮಾನಿಸಿದೆನಲ್ಲ, ತಪ್ಪು ಅದು. ದಿನವೂ ಮಾಡುವ ಕೆಲಸದಲ್ಲಿ ಗಮನ ಸಡಿಲವಾಗುವ ಒಂದು ದಿನ ಬಂದೇ ಬರುತ್ತದೆ. ಎಷ್ಟೇ ಎಚ್ಚರದ ಮನುಷ್ಯನಿಗೂ ಬರುತ್ತದೆ.

ರೇಷ್ಮೆಯಂಥ ಬಟ್ಟೆಯ ಗುಮ್ಮಟವಾಗಿದ್ದರೆ ಅಂಟುಪಟ್ಟಿಯಿಂದ ಮೆಲ್ಲಗೆ ಎಳೆದಾಗ ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಬರುತ್ತಿತ್ತು. ಲೋಹ ಹಾಗಲ್ಲ, ಮಡಿಕೆ ಬಿದ್ದರೆ ಬಿದ್ದಂತೆಯೇ. ನಾನು ಅಂಟುಪಟ್ಟಿಯಿಂದ ಎಳೆದೆ. ಗುಮ್ಮಟ ಮುಂದಕ್ಕೆ ಬಂತು, ಸುಕ್ಕು ಉಳಿಯಿತು, ಸುರುಳಿ ಓರೆಯಾಗಿ ಸಂದಿನ ಗೋಡೆಗೆ ಉಜ್ಜತೊಡಗಿತು. ಆ ಮಾದರಿಯ ಟ್ವೀಟರಿನ ತಯಾರಿಕೆ ಅಷ್ಟರಲ್ಲಿ ನಿಂತುಹೋಗಿತ್ತು. ಅದೇ ಅಳತೆಯ ಬೇರೆಯದನ್ನು ಕೂರಿಸಿದೆ, ತೂತಿಗೆ ಸರಿಯಾಗಿ ಕೂತಿತು. ಆದರೆ ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ ಒಳಗಿನ ಕ್ರಾಸ್‌ಓವರ್ ಮಂಡಲವನ್ನು ಹಳೆಯ ಟ್ವೀಟರಿನ ಸಂವೇದನೆಗೂ ಅದು ವಿದ್ಯುತ್ತಿಗೆ ಒಡ್ಡುವ ತಡೆಗೂ (ಇಂಪೆಡೆನ್ಸ್) ಹೊಂದುವಂತೆ ರೂಪಿಸಿದ್ದರು. ಎಡ ಬಲಗಳು ಒಂದೇ ಥರ ನುಡಿಯದಾದವು. ನಡುವೆ ನಿಂತು ಹಾಡಬೇಕಾದ ದನಿ ಸ್ವರ ಮೇಲೇರಿದಂತೆಲ್ಲ ಒಂದು ಪಕ್ಕಕ್ಕೆ ಸರಿಯುತ್ತಿತ್ತು. ಕೆಲವು ತಿಂಗಳು ಸಹಿಸಿಕೊಂಡು ಕೊನೆಗೆ ಆ ಜೋಡಿಯನ್ನೇ ಕೈಬಿಟ್ಟೆ.

ಇಷ್ಟೆಲ್ಲ ಕಳೆದುಕೊಂಡದ್ದು ಎಷ್ಟು ಲಾಭಕ್ಕಾಗಿ? ಇದನ್ನು ನಾನು ಆಮೇಲೆ, ಬೇರೆ ಸ್ಪೀಕರುಗಳನ್ನು ತಂದ ಮೇಲೆ, ಸರಿಯಾಗಿ ಪರೀಕ್ಷಿಸಿದೆ. ‘ತೆಗೆದರೆ ತಾರಕ ಸ್ವರಗಳು ತಿಳಿಯಾಗುತ್ತವೆ’ ಎಂದು ನೀವು ಬರೆದಿದ್ದೀರಿ. ಹಾಗೆ ಕೇಳಿಸುವುದು ನಿಜ. ಆದರೆ ನೀವು ಗ್ರಿಲ್ ತೆಗೆದಿರಿ, ಎದ್ದು ಹೋಗಿ ಬಂದು ಕೂತಿರಿ, ಈ ಸಲ ಕಿವಿಯನ್ನು ಟ್ವೀಟರಿನ ಮೇಲೇ ನೆಟ್ಟಿರಿ. ತಲೆ ಒಂದಿಷ್ಟು ಆಚೀಚೆ ಆದರೂ ತುತ್ತತುದಿಯ ಸ್ವರಗಳು ಬದಲಾಗುತ್ತವೆ. ಸರಿಯಾದ ಹೋಲಿಕೆ ಬೇಕಿದ್ದರೆ ಒಂದು ಸ್ಪೀಕರಿಗೆ ಗ್ರಿಲ್ ಇಡಿ, ಇನ್ನೊಂದಕ್ಕೆ ತೆಗೆಯಿರಿ. ಎರಡಕ್ಕೂ ಒಂದೇ ಮೋನೋ ಧ್ವನಿಯನ್ನು ಕಳಿಸಿ. ಎಲ್ಲ ಸ್ವರಗಳೂ ಬೆರೆತ, ‘ಶ್’ ಎನ್ನುವ ಪಿಂಕ್ ನಾಯ್ಸ್ ಆದರೆ ಉತ್ತಮ. ನಟ್ಟನಡುವೆ ಕೂತು, ಬ್ಯಾಲೆನ್ಸ್ ಗುಂಡಿಯನ್ನು ಇನ್ನೊಬ್ಬರಿಂದ ಅತ್ತಿತ್ತ ತಿರುಗಿಸಿ ಕೇಳಿ. ಆಮೇಲೆ ಗ್ರಿಲ್ಲನ್ನು ಇನ್ನೊಂದು ಸ್ಪೀಕರಿಗೆ ಬದಲಿಸಿ ಮತ್ತೆ ಕೇಳಿ, ಏಕೆಂದರೆ ಕೋಣೆಯ ಎರಡು ಪಕ್ಕಗಳೂ ಒಂದೇ ಆಗಿರುವುದಿಲ್ಲ. ಹೀಗೆ ಕೇಳಿದಾಗ ನನ್ನ ಈಗಿನ ತೆಳು ಬಟ್ಟೆಯ ಗ್ರಿಲ್ ಮಾಡುವ ವ್ಯತ್ಯಾಸಕ್ಕಿಂತ ಸ್ಪೀಕರನ್ನು ಸ್ವಲ್ಪ ಒಳಮುಖವಾಗಿ ತಿರುಗಿಸಿದಾಗ ಆಗುವ ವ್ಯತ್ಯಾಸ ದೊಡ್ಡದಾಗಿತ್ತು.

ಎಲ್ಲ ಗ್ರಿಲ್ಲುಗಳೂ ಒಂದೇ ಅಲ್ಲ ಎಂಬುದನ್ನು ಒಪ್ಪುತ್ತೇನೆ. ಬಟ್ಟೆಗಿಂತ ಚೌಕಟ್ಟೇ ಹೆಚ್ಚು ಕೆಡಿಸುವುದು. ಚೆನ್ನಾದ ತೆಳು ಬಟ್ಟೆ ಮೇಲಿನ ಸ್ವರಗಳಲ್ಲಿ ನುಂಗುವುದು ಒಂದು ಡೆಸಿಬೆಲ್ಲಿನ ಆಸುಪಾಸು, ಹಲವು ಸಲ ಅದಕ್ಕೂ ಕಡಿಮೆ. ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ತುಸು ತಿರುಗಿಸಿದರೆ ಅದು ತುಂಬಿಹೋಗುತ್ತದೆ. ಚೌಕಟ್ಟಿನ ಕಥೆ ಬೇರೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಆದ್ದರಿಂದ 100 ಹರ್ಟ್ಜ್ ಸ್ವರದ ತರಂಗಾಂತರ ಮೂರೂವರೆ ಮೀಟರಿನ ಹತ್ತಿರ. ಅಂಥ ಅಲೆಗೆ ಗ್ರಿಲ್ ಲೆಕ್ಕಕ್ಕೇ ಇಲ್ಲ. 10 ಕಿಲೋಹರ್ಟ್ಜಿನಲ್ಲಿ ಅದು 3.4 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದೂವರೆ ಎರಡು ಸೆಂಟಿಮೀಟರ್ ದಪ್ಪದ ಮರದ ಚೌಕಟ್ಟು ಟ್ವೀಟರಿನ ಪಕ್ಕದಲ್ಲಿ ಗೋಡೆಯಂತೆ ನಿಂತರೆ ಅಲೆ ಆ ಅಂಚಿಗೆ ತಾಗಿ ಚದುರಿ, ನೇರವಾಗಿ ಬಂದ ಅಲೆಯ ಹಿಂದೆಯೇ ಒಂದಿಷ್ಟು ತಡವಾಗಿ ಕಿವಿಗೆ ಬರುತ್ತದೆ. ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ತಗ್ಗುತ್ತವೆ. ಈ ಏರಿಳಿತವನ್ನು ಯಾವ ಟ್ರೆಬಲ್ ಗುಂಡಿಯೂ ತಿದ್ದಲಾರದು. ಹಾಗಾಗಿ ನಿಮ್ಮ ಗ್ರಿಲ್ಲಿನ ಚೌಕಟ್ಟಿನ ಒಳ ಅಂಚನ್ನು ಒಮ್ಮೆ ಮುಟ್ಟಿ ನೋಡಿ. ಅದು ಇಳಿಜಾರಾಗಿ ಕೆತ್ತಿದ್ದರೆ ತಯಾರಕರು ಯೋಚಿಸಿದ್ದಾರೆ ಎಂದರ್ಥ. ಚೌಕವಾಗಿ, ದಪ್ಪವಾಗಿ ಇದ್ದರೆ, ಮನೆಯಲ್ಲಿ ಪುಟ್ಟ ಕೈಗಳೂ ಸಾಕುಪ್ರಾಣಿಗಳೂ ಇಲ್ಲದಿದ್ದರೆ, ಒಮ್ಮೆ ತೆಗೆದು ಕಪಾಟಿನಲ್ಲಿಟ್ಟುಬಿಡಿ. ಮತ್ತೆ ಹಾಕುವ ಯೋಚನೆ ಬೇಡ.

ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಸ್ಪೀಕರನ್ನು ರೂಪಿಸಿದವರು ಗ್ರಿಲ್ ಇಟ್ಟು ಅಳೆದರೋ, ತೆಗೆದು ಅಳೆದರೋ? ‘ಗ್ರಿಲ್ ಎಂದರೆ ಧೂಳಿನ ಮುಸುಕು, ನಿಜವಾದ ಧ್ವನಿ ಅದರ ಹಿಂದಿದೆ’ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಮಾನಿಟರ್ ಸ್ಪೀಕರ್ ನೋಡಿ. ಅದರ ಮುಂಭಾಗದ ಹಲಗೆ ಪೆಟ್ಟಿಗೆಯ ಅಂಚಿಗಿಂತ ಒಳಗೆ ಕೂತಿದೆ, ಆ ಅಂಚಿನಿಂದ ಅಲೆ ಚದುರಬಾರದೆಂದು ಟ್ವೀಟರಿನ ಸುತ್ತ ದಪ್ಪ ಫೆಲ್ಟ್ ಪಟ್ಟಿಗಳಿವೆ, ಗುಮ್ಮಟದ ಮೇಲೆ ರಂಧ್ರಗಳ ಲೋಹದ ಕವಚವಿದೆ, ಎಲ್ಲದರ ಮುಂದೆ ಗ್ರಿಲ್ ಬಟ್ಟೆ. ಇವೆಲ್ಲ ಸೇರಿಯೇ ಆ ಸ್ಪೀಕರ್. ಅಮೆರಿಕದ ವ್ಯಾಂಡರ್‌ಸ್ಟೀನ್ ಮಾಡೆಲ್ 2 ಎಂಬ ಸ್ಪೀಕರ್ ಅಂತೂ ಮೈತುಂಬ ಬಟ್ಟೆ ತೊಟ್ಟೇ ಬಂದದ್ದು. ನಿಮ್ಮ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲಾದರೂ ಇರುವ ಸಾಧ್ಯತೆಯಿದೆ. ಅದು ನನ್ನ ಮಾತಿಗಿಂತಲೂ ನಿಮ್ಮ ಗೆಳೆಯರ ಮಾತಿಗಿಂತಲೂ ಹೆಚ್ಚು ತೂಕದ್ದು.

ಸ್ಪಂಜಿನಂಥ ಹಳೆಯ ಫೋಮ್ ಗ್ರಿಲ್ಲಿಗೆ ಮಾತ್ರ ಈ ಯಾವ ಲೆಕ್ಕವೂ ಬೇಡ. ಜೆಬಿಎಲ್ ಎಲ್100 ಎಂಬ ಹಳೆಯ ಸ್ಪೀಕರಿನ ಕಾಲದ ಆ ಚೌಕುಳಿ ಫೋಮ್ ವರ್ಷಗಳು ಕಳೆದಂತೆ ಪುಡಿಪುಡಿಯಾಗಿ ಉದುರುತ್ತದೆ. ಅಂಥದನ್ನು ತಕ್ಷಣ ತೆಗೆದು ಹೊಸದನ್ನು ಹಾಕಬೇಕು. ಬೆರಿಲಿಯಂ ಗುಮ್ಮಟವಿರುವ ಟ್ವೀಟರಿನ ಮುಂದಿನ ಜಾಲರಿಯನ್ನಂತೂ ಎಂದೂ ಕಳಚಬೇಡಿ. ಆ ಗುಮ್ಮಟ ಒಡೆದರೆ ಚೂರುಗಳ ಧೂಳು ವಿಷಕಾರಿ.

ನಿಮ್ಮ ಮನೆಯಲ್ಲಿ ಈಗಷ್ಟೇ ನಡೆಯಲು ಕಲಿಯುತ್ತಿರುವ ಮಗು ಇದೆ ಎಂದೂ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ನನ್ನ ದೃಷ್ಟಿಯಲ್ಲಿ ತೂಗಿ ನೋಡುವುದಕ್ಕೇ ಏನೂ ಉಳಿದಿಲ್ಲ. ಗ್ರಿಲ್ ಇರಲಿ, ಕೇಳುವಾಗಲೂ ಇರಲಿ. ಟ್ವೀಟರಿನ ಆ ಪುಟ್ಟ ಗುಮ್ಮಟ ಮಗುವಿನ ಬೆರಳಿಗೆ ಸರಿಯಾದ ಎತ್ತರದಲ್ಲಿದೆ, ಅದನ್ನು ಒತ್ತದ ಮಗುವನ್ನು ನಾನು ಕಂಡಿಲ್ಲ. ತಾರಕ ಸ್ವರ ಮಂಕು ಅನಿಸಿದರೆ ಸ್ಪೀಕರುಗಳನ್ನು ಕೂರುವ ಜಾಗದ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಿ, ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಿ. ಬಹುಶಃ ನೀವು ಹುಡುಕುತ್ತಿದ್ದ ಸ್ಪಷ್ಟತೆ ಅಲ್ಲೇ ಸಿಗುತ್ತದೆ.

ಎಂದಾದರೂ ಅನಿವಾರ್ಯವಾಗಿ ಗ್ರಿಲ್ ತೆಗೆದರೆ, ಮತ್ತೆ ಹಾಕುವಾಗ ಎರಡೂ ಕೈಗಳಲ್ಲಿ ಎರಡು ಪಕ್ಕಗಳನ್ನು ಹಿಡಿಯಿರಿ. ಗ್ರಿಲ್ಲಿಗಿಂತ ಮೊದಲು ನಿಮ್ಮ ಬೆರಳ ತುದಿಗಳು ಪೆಟ್ಟಿಗೆಗೆ ತಾಗಲಿ, ಆಮೇಲೆ ಬೆರಳುಗಳನ್ನು ಮೆಲ್ಲಗೆ ಸರಿಸುತ್ತ ಅದನ್ನು ಕೂರಿಸಿ. ಗೂಟಗಳಿರುವ ಗ್ರಿಲ್ ಆದರೆ ಗೂಟದ ನೇರಕ್ಕೇ ಹೆಬ್ಬೆರಳಿಟ್ಟು ಒತ್ತಿ. ನಡುವೆ ಒತ್ತಿದರೆ ಚೌಕಟ್ಟು ಬಾಗುತ್ತದೆ, ಗೂಟ ತೂತಿನೊಳಗೇ ಮುರಿಯುತ್ತದೆ. ಗುಮ್ಮಟದ ಮೇಲೆ ಧೂಳು ಕಂಡರೆ ಬಿಟ್ಟುಬಿಡಿ. ವ್ಯಾಕ್ಯೂಮ್ ಕ್ಲೀನರಿನ ಬಾಯನ್ನು ಅದರ ಹತ್ತಿರಕ್ಕೂ ತರಬೇಡಿ.