ಕೌದಿಗೆ ಬಟ್ಟೆ ಸಂಗ್ರಹಿಸುವವರಿಗೆ: ತಪ್ಪು ದಾರದ್ದಲ್ಲ, ವಿಂಗಡಣೆಯದ್ದು

ಅಪಾರ್ಟ್‌ಮೆಂಟುಗಳಲ್ಲಿ ಪೆಟ್ಟಿಗೆ ಇಟ್ಟು, ಬಂದ ಹಳೆಯ ಬಟ್ಟೆಯನ್ನೆಲ್ಲ ಹೊಸ ಕೋರಾ ಬಟ್ಟೆಯ (ಮಗ್ಗದಿಂದ ಬಂದ, ಇನ್ನೂ ಒಗೆಯದ ಹತ್ತಿ ಬಟ್ಟೆ) ಮೇಲೆ ಹಾಸಿ ಕೌದಿ, ಅಂದರೆ ಹಳೆಯ ಬಟ್ಟೆಯ ಪದರಗಳ ಹೊದಿಕೆ, ಹೊಲಿಸಿದ್ದೀರಿ. ಮೊದಲ ತೊಳೆತಕ್ಕೇ ಅದು ಮುದುರಿಕೊಂಡು ಕೆಂಪು ಬಣ್ಣ ಬಿಟ್ಟಿತು, ಯಾವ ದಾರ ಬಳಸಬೇಕು ಎಂದು ಚಿತ್ರ ಹಾಕಿ ನಮ್ಮ ಗುಂಪಿನಲ್ಲಿ ಕೇಳಿದ್ದೀರಿ; ಮಾರಿದ ಕೌದಿಯನ್ನು ಹಿಂದಕ್ಕೆ ಪಡೆಯುವ ಯೋಚನೆಯನ್ನೂ ಹೇಳಿದ್ದೀರಿ. ದಾರ ಬದಲಿಸಿದರೆ ಏನೂ ಸರಿಹೋಗುವುದಿಲ್ಲ. ನಮ್ಮ ಮಹಿಳಾ ಸಂಘದ ಮೊದಲ ಕಂತಿನ ಕೌದಿಗಳೂ ಹೀಗೆಯೇ ಕೆಟ್ಟಿದ್ದರಿಂದ ನಿಮ್ಮ ಚಿತ್ರ ಕಂಡೊಡನೆ ಕಾರಣ ತಿಳಿಯಿತು.

ವರ್ಷಗಟ್ಟಲೆ ಒಗೆದ ಹತ್ತಿ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಕೋರಾ ಬಟ್ಟೆ ನೀರು ಕಂಡ ಮೇಲಷ್ಟೇ ಕುಗ್ಗಲು ಆರಂಭಿಸುತ್ತದೆ, ಪಾಲಿಯೆಸ್ಟರ್ ಹೆಚ್ಚೂಕಡಿಮೆ ಕುಗ್ಗುವುದೇ ಇಲ್ಲ, ಟೀ ಶರ್ಟಿನ ಹೆಣಿಗೆ ಬಟ್ಟೆ ಎಳೆದತ್ತ ಹಿಗ್ಗುತ್ತದೆ. ಈ ನಾಲ್ಕನ್ನೂ ಒಂದೇ ಹೊಲಿಗೆಯಲ್ಲಿ ಬಿಗಿದ ಮೇಲೆ ಮೇಲುಹೊದಿಕೆ ಬೊಕ್ಕೆಬೊಕ್ಕೆಯಾಗಿ ಏಳುವುದಲ್ಲದೆ ಇನ್ನೇನಾದೀತು? ನಮ್ಮ ಅಜ್ಜಿಯರ ಕೌದಿಯಲ್ಲಿ ಒಳಪದರವೂ ಹಳೆಯ ಧೋತರ, ಮೇಲಿನದೂ ಹಳೆಯ ಸೀರೆ ಆಗಿದ್ದುದರಿಂದ ಈ ತಾಪತ್ರಯ ಇರಲಿಲ್ಲ. ಕೋರಾ ಬೇಕೇ ಬೇಕು ಎನ್ನುವುದಾದರೆ ಬಟ್ಟೆಯ ಇಡೀ ಥಾನನ್ನು ರಾತ್ರಿ ನೆನೆಹಾಕಿ, ಬಿಸಿನೀರಿನಲ್ಲಿ ಎರಡು ಸಲ ಒಗೆದು, ಒಣಗಿಸಿ, ಆಮೇಲೆ ಕತ್ತರಿಸಿರಿ.

ಯಾವುದು ಹತ್ತಿ, ಯಾವುದಲ್ಲ ಎಂದು ತಿಳಿಯಲು ಬಟ್ಟೆಯ ಲೇಬಲ್ಲಿನ ಬರಹವನ್ನು ನಂಬಬೇಡಿರಿ, ಎಳೆಯನ್ನು ಸುಟ್ಟು ನೋಡಿರಿ. ಹೊಲಿಗೆಯ ಒಳಅಂಚಿನಿಂದ ಹಾಸಿನ (ಉದ್ದದ) ಎಳೆಯನ್ನೂ ಹೊಕ್ಕಿನ (ಅಡ್ಡದ) ಎಳೆಯನ್ನೂ ಬೇರೆ ಬೇರೆಯಾಗಿ ಬಿಡಿಸಿ, ಚಿಮುಟದಲ್ಲಿ ಹಿಡಿದು ದೀಪಕ್ಕೆ ತೋರಿಸಿರಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಉಗುರಿಗೆ ಗಟ್ಟಿಯಾಗಿ ಸಿಗುವ ಕಪ್ಪು ಗುಂಡಾಗುತ್ತದೆ. ಬೂದಿಯ ನಡುವೆ ಗುಂಡು ಉಳಿದರೆ ಅದು ಬೆರಕೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುವುದರಿಂದ ಎರಡೂ ಭಾಗದ ಎಳೆ ತೆಗೆಯಲೇಬೇಕು; ಒಡಲು ಹತ್ತಿ, ಸೆರಗು ರೇಷ್ಮೆ ಆಗಿರುವುದು ಅಲ್ಲಿ ಸಾಮಾನ್ಯ. ಕೆಂಪು ಸೆರಗು ಕಂಡರೆ ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿರಿ, ಬಣ್ಣ ಹತ್ತಿದರೆ ಬೇರೆಯಿಡಿರಿ. ಉಪ್ಪು, ವಿನಿಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಈ ಗುಂಪಿನಲ್ಲಿ ಮತ್ತೆ ಮತ್ತೆ ಬರೆಯುವವರು ದಯವಿಟ್ಟು ನಿಲ್ಲಿಸಬೇಕು. ಹತ್ತಿಯ ಮೇಲಿನ ಸಡಿಲ ಬಣ್ಣವನ್ನು ಅದು ಹಿಡಿದಿಡುವುದಿಲ್ಲ.

ಇನ್ನು ದಾರ. ಹತ್ತಿಗೆ ಹತ್ತಿಯ ದಾರವೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ ಎಂಬುದು ನಿಜ, ಆದರೆ ಎಳೆತ ಬಿದ್ದಾಗ ದಾರ ಹರಿಯುವ ಬದಲು ಸವೆದ ಹಳೆಯ ಬಟ್ಟೆಯೇ ಹೊಲಿಗೆಯ ಗೆರೆಯಲ್ಲಿ ಹರಿಯಬಹುದು. ಆ್ಯಂಕರ್ ಕಸೂತಿ ದಾರ ಚೆಂದವೇ, ಆದರೂ ಇಡೀ ಕೌದಿಗೆ ಅದನ್ನು ಸುರಿಯುವುದು ನನ್ನ ಮಟ್ಟಿಗೆ ದುಂದು. ತೆಳುವಾದ ಸೀರೆಗಳನ್ನು ಯಂತ್ರದಲ್ಲಿ ಹೊಲಿಯುವುದಾದರೆ ಉಷಾದ ಹಳೆಯ ಕಾಲ್ತುಳಿತದ ಯಂತ್ರವೇ ಸಾಕು, ಹೊಸ ಬಗೆಬಗೆಯ ಹೊಲಿಗೆಯ ಯಂತ್ರಕ್ಕೆ ಹಣ ಹಾಕಬೇಡಿರಿ.

ಕೈಹೊಲಿಗೆಯಾದರೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೆಲಸವನ್ನು ಹತ್ತಿರದಿಂದ ನೋಡಿರಿ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ತುಂಡುಗಳ ‘ಫುಲ’ ಕೂಡಿಸುತ್ತಾರೆ. ಹೊಲಿಗೆ ಒತ್ತಾಗಿರುವುದರಿಂದ ಒಂದು ತುಂಡು ಸವೆದರೂ ಕೆಳಗಿನ ಪದರ ಜಾರುವುದಿಲ್ಲ, ಅದರ ಮೇಲೆಯೇ ಇನ್ನೊಂದು ತುಂಡು ಕೂರುತ್ತದೆ. ಕಲಿಯಿರಿ, ಆದರೆ ಬೇರೆಯವರು ಹೊಲಿದದ್ದಕ್ಕೆ ಸಿದ್ದಿ ಕೌದಿ ಎಂಬ ಚೀಟಿ ಅಂಟಿಸಿ ಮಾರಬೇಡಿರಿ. ಅದು ವ್ಯಾಪಾರವಲ್ಲ, ಮೋಸ.

ಪೆಟ್ಟಿಗೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಪುಕ್ಕಟೆ ಪೆಟ್ಟಿಗೆ ಇಟ್ಟರೆ ಜನ ತಮ್ಮ ಕಸದ ಭಾರವನ್ನು ನಿಮ್ಮ ಅಂಗಳಕ್ಕೆ ಇಳಿಸುತ್ತಾರೆ, ವಿಂಗಡಣೆಯ ಕೂಲಿ ನಿಮ್ಮದಾಗುತ್ತದೆ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಾಗಿಲಲ್ಲೇ ಪ್ರತಿ ಸೀರೆಯನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ಹರಿದದ್ದನ್ನು ಅಲ್ಲೇ ಹಿಂದಿರುಗಿಸುತ್ತಾರೆ. ಆ ಜಾಣತನ ಕಲಿಯಿರಿ: ಹತ್ತಿ ಸೀರೆ, ಧೋತರ, ಹಾಸಿಗೆಯ ಚಾದರ ಮಾತ್ರ ತೆಗೆದುಕೊಂಡು, ಮುಂದಿನ ಖರೀದಿಯಲ್ಲಿ ರಿಯಾಯಿತಿ ಕೊಡಿರಿ. ಈಗಾಗಲೇ ಬಂದಿರುವ ಟೀ ಶರ್ಟುಗಳನ್ನು ಗ್ಯಾರೇಜಿನ ಒರೆಸುಬಟ್ಟೆಗೆ ತೂಕದಲ್ಲಿ ಕೊಟ್ಟುಬಿಡಿರಿ. ಹಿಗ್ಗದ ಜೀನ್ಸ್ ಚೀಲಕ್ಕಾಗುತ್ತದೆ. ಉಣ್ಣೆಯದ್ದನ್ನು ಪಾಣಿಪತ್ತಿನ ವ್ಯಾಪಾರಿಗಳಿಗೆ ಮಾಲು ಕಳಿಸುವ ಗುಜರಿಯವರಿಗೆ ಕೊಡಬಹುದು, ಅಲ್ಲಿ ಅದನ್ನು ಹರಿದು ಮತ್ತೆ ನೂಲು ತೆಗೆಯುತ್ತಾರೆ. ಆದರೆ ದೊಡ್ಡ ಬೆಲೆ ನಿರೀಕ್ಷಿಸಬೇಡಿರಿ, ಏಕೆಂದರೆ ಹೊಸ ಪಾಲಿಯೆಸ್ಟರ್ ಕಂಬಳಿ ಅಗ್ಗವಾದಂತೆ ಆ ಮರುನೂಲಿನ ಕಂಬಳಿಗೇ ಪಾಣಿಪತ್ತಿನಲ್ಲಿ ಬೇಡಿಕೆ ಇಳಿದಿದೆ. ಅದೇ ಕಾರಣಕ್ಕೆ ನೀವೂ ಅಂಗಡಿಯ ಕಂಬಳಿಯ ಬೆಲೆಗೆ ಕೌದಿ ಮಾರಲು ಹೋಗಬೇಡಿರಿ. ಕಡಿತವಾಗುವುದು ಹೊಲಿಯುವವರ ಕೂಲಿಯೇ.

ಮಾರಿದ ಕೌದಿಯನ್ನು ಹಿಂದಕ್ಕೆ ಪಡೆಯುವ ನಿಮ್ಮ ಯೋಚನೆಯನ್ನು ಮಾತ್ರ ಬಿಡಬೇಡಿರಿ, ಸ್ವಲ್ಪ ತಿರುಗಿಸಿರಿ. ಹಳೆಯ ಕೌದಿಗೆ ಮೇಲೊಂದು ಸೀರೆ ಹೊದಿಸಿ ಮತ್ತೆ ಹೊಲಿದುಕೊಡುವ ಕೆಲಸಕ್ಕೆ ದರ ನಿಗದಿ ಮಾಡಿರಿ. ಆ ಸೀರೆಯನ್ನು ಗಿರಾಕಿಯೇ ತರಲಿ. ನಮ್ಮಲ್ಲಿ ಹೊಸ ಕೌದಿಗಿಂತ ಈ ಕೆಲಸಕ್ಕೇ ಜನ ಮತ್ತೆ ಮತ್ತೆ ಬರುತ್ತಾರೆ. ತೊಳೆಯದೆ ತಂದ ಕೌದಿಯನ್ನು ಮುಟ್ಟಬೇಡಿರಿ, ಬೂಷ್ಟು ಹಿಡಿದದ್ದನ್ನು ಉಳಿದ ಬಟ್ಟೆಯ ಹತ್ತಿರವೂ ಇಡಬೇಡಿರಿ.